ಗುರುಶಾಂತ ಕೂರಲೊಲ್ಲದ ಸ್ಟೂಲು

ಗದಗಿನ ಚನ್ನವೀರಪ್ಪನವರ ಮರಗೆಲಸದ ಅಂಗಡಿಗೆ ಅವರ ಹೆಂಡತಿಯ ತಮ್ಮ ಗುರುಶಾಂತ ಆಳೆತ್ತರದ ಡ್ರಿಲ್ಲಿಂಗ್ ಮಷೀನೊಂದನ್ನು ಮಾರಲು ತಂದು ನಿಲ್ಲಿಸಿದ. ಕಲ್ಯಾಣಮಂಟಪದವರು ಮಾಡಿಕೊಡಲು ಹೇಳಿದ್ದ ಕುರ್ಚಿಗಳಿಗೆಲ್ಲ ಇನ್ನು ಅದರಲ್ಲೇ ತೂತು ಕೊರೆಯಬೇಕಂತೆ.

"ಪರೀಕ್ಷೆ ಗಿರೀಕ್ಷೆ ಏನೂ ಬ್ಯಾಡ. ಛಲೋ ಐತಿ ಅಂತ ನಿಮ್ಮ ಧಣ್ಯಾರಿಗೆ ಹೇಳಿಬಿಡು," ಎಂದು ಬಡಿಗ ಮೌನೇಶನಿಗೆ ಅಪ್ಪಣೆ ಮಾಡಿದ.

ಮೌನೇಶ ಮಷೀನು ಚಾಲೂ ಮಾಡಿ ನೋಡಿದ. ಕೊರೆಯುವ ಸರಳು ಕುಡಿದವನಂತೆ ತೂರಾಡಿತು. ತೂತು ಬೇಕಾದ್ದಕ್ಕಿಂತ ದೊಡ್ಡದಾಯಿತು; ಅದರಲ್ಲಿ ಕುರ್ಚಿಯ ಕಾಲು ಬಿಗಿಯಾಗಿ ನಿಲ್ಲದು. ಚೆನ್ನಾಗಿದೆ ಎಂದರೆ ಮದುವೆಯಲ್ಲಿ ಬೀಗರು ನೆಲಕ್ಕೆ ಬೀಳುತ್ತಾರೆ. ಚೆನ್ನಾಗಿಲ್ಲ ಎಂದರೆ ಧಣಿಯ ಹೆಂಡತಿ ತನ್ನನ್ನು ಕೆಲಸದಲ್ಲಿ ಉಳಿಸುವುದಿಲ್ಲ.

"ಭಾರೀ ಛಲೋ ಮಷೀನ್ ರೀ!" ಎಂದ ಮೌನೇಶ ಧಣಿಗೆ. ಅದರಲ್ಲೇ ತೂತು ಕೊರೆದು, ಕಾಲು ಸಿಕ್ಕಿಸಿ ಒಂದು ಸ್ಟೂಲು ಮಾಡಿದ. ಮೇಲೆ ಹೊಸ ಟವೆಲ್ ಹಾಸಿ, ಧಣಿಯ ಎದುರಿಗೇ ಗುರುಶಾಂತನಿಗೆ ಕೈಮುಗಿದ.

"ಮಷೀನು ತಂದವ್ರು ನೀವು. ಮೊದಲ ನೀವ ಕುಂದರಬೇಕ್ರಿ."

ಗುರುಶಾಂತ ಒಳ್ಳೆ ದಢೂತಿ ಆಸಾಮಿ. ಸ್ಟೂಲನ್ನು ಬೆರಳಲ್ಲಿ ಮುಟ್ಟಿದ. ಒಂದೊಂದು ಕಾಲೂ ಒಂದೊಂದು ದಿಕ್ಕಿಗೆ ವಾಲಿತು.

"ನನಗ ನಿಂತರ ಆರಾಮ," ಎಂದ.

"ಕುಂದ್ರೋ, ಇಷ್ಟು ಪ್ರೀತಿಯಿಂದ ಕರೀತಾನ," ಎಂದರು ಚನ್ನವೀರಪ್ಪ.

"ಮಾಮಾ, ಬ್ಯಾಡ್ರೀ! ನನಗಿನ್ನೂ ಮದುವಿ ಆಗಿಲ್ಲ. ಸೊಂಟ ಮುರಕೊಂಡ್ರ ಹೆಣ್ಣು ಯಾರು ಕೊಡ್ತಾರ?"

ಅವನೇ ಟೆಂಪೊ ಕರೆಸಿ ಮಷೀನು ಏರಿಸಿಕೊಂಡು ಹೋದ. ಚನ್ನವೀರಪ್ಪನವರು ನಕ್ಕೂ ನಕ್ಕೂ ಕೊನೆಗೆ ಗಾಬರಿಯಾದರು. "ಮೌನೇಶಾ, ಮನ್ಯಾಗ ಆಕಿ ಕೇಳಿದ್ರ ಏನಂತ ಹೇಳ್ಲಿ?"

"ಇದ್ದದ್ದ ಹೇಳ್ರಿ. ನಾ ಛಲೋ ಐತಿ ಅಂದೆ. ಒಲ್ಲೆ ಅಂದವ್ರು ಅವರ ತಮ್ಮನ ಅಲ್ಲೇನ್ರಿ?"