ಗಾಡಿಗೊಂಚೂರು ಹೆಪ್ಪು

ಬನ್ನಿ, ಹತ್ತಿರ ಕೂತ್ಕೊಳ್ಳಿ. ಗಲಾಟೆ ಮಾಡೋರು ಹಿಂದಕ್ಕೆ ಹೋಗಿ. ಒಂದು ರಾಜ್ಯ ಇತ್ತು, ಅದಕ್ಕೊಬ್ಬ ರಾಜ ಇದ್ದ, ಆ ರಾಜ್ಯದ ಜನ ಮೋಟಾರ್ ಸೈಕಲ್ ಓಡಿಸ್ತಿದ್ದರು. ರಾಜರ ಕಾಲದಲ್ಲಿ ಮೋಟಾರ್ ಸೈಕಲ್ ಎಲ್ಲಿಂದ ಬಂತು ಅಂತ ಯಾರೂ ಕೇಳಕೂಡದು. ಕಥೆ ಹೇಳ್ತಿರೋದು ನಾನು.

ಆ ರಾಜ್ಯದ ಪೆಟ್ರೋಲೆಲ್ಲ ಒಬ್ಬನದೇ. ಅವನ ಹೆಸರು ಜವರಪ್ಪ. ಜನ ಧಣಿ ಅಂತಿದ್ದರು. ಊರಿಗೊಂದು ಬಂಕು, ಬಂಕಿನ ಮುಂದೆ ಮೈಲುದ್ದ ಸಾಲು. ಧಣಿ ಮನಸ್ಸಿಗೆ ಬಂದ ರೇಟು ಹಾಕೋನು, ಜನ ಬೈಕೊಂಡು ಕೊಡೋರು. ಬೇರೆ ದಾರಿ ಇರಲಿಲ್ಲ.

ಹೊಳೆಸಾಲು ಅನ್ನೋ ಊರಲ್ಲಿ ದುಂಡಮ್ಮ ಅಂತ ಒಬ್ಬಳಿದ್ದಳು. ಮೊಸರು ಮಾರೋಳು. ಗಂಡ ತೀರಿಕೊಳ್ಳುವಾಗ ಮೂರು ಎಮ್ಮೆ, ಒಂದು ಹಳೇ ಬೈಕು ಬಿಟ್ಟುಹೋಗಿದ್ದ. ಎಮ್ಮೆಗಳು ಚಿನ್ನದಂಥವು. ಬೈಕಿನದೇ ಗೋಳು. ಡುಗು ಡುಗು ಡುಗು ಅಂತ ಅದುರೋದು. ಮನೆ ಬಿಡುವಾಗ ಕತ್ತಿಯಲ್ಲಿ ಕುಯ್ಯೋ ಹಂಗಿದ್ದ ಗಟ್ಟಿ ಮೊಸರು ರಾಜಧಾನಿ ಸೇರೋ ಹೊತ್ತಿಗೆ ಒಡೆದು ನೀರು ನೀರಾಗೋದು. "ಏನಮ್ಮಾ, ಮೊಸರು ತಂದ್ಯೋ ಮಜ್ಜಿಗೆ ತಂದ್ಯೋ?" ಅಂತ ಜನ ಮೂಗು ಮುರಿಯೋರು. ದುಂಡಮ್ಮ ಸುಮ್ಮನೆ ಕೇಳಿಸಿಕೊಳ್ಳೋಳಲ್ಲ, ಆದರೆ ಒಡೆದ ಮೊಸರಿಗೆ ಏನು ವಾದ ಮಾಡ್ತೀರಿ?

ಒಂದಿನ ಕಿವಿಯ ಓಲೆ ಬಿಚ್ಚಿಕೊಟ್ಟು ಪರರಾಜ್ಯದಿಂದ ಒಂದು ಕರೆಂಟ್ ಬೈಕು ತಂದಳು. ಸದ್ದಿಲ್ಲ, ಹೊಗೆ ಇಲ್ಲ, ನಡುಕ ಇಲ್ಲ. ರಾಜಧಾನಿಯಲ್ಲಿ ಮಡಕೆ ಬಾಯಿ ಬಿಚ್ಚಿದರೆ ಮೊಸರಿನ ಕೆನೆ ಕೂಡ ಕದಲಿರಲಿಲ್ಲ. ಅರಮನೆ ಅಡುಗೆಯವರೂ ಅವಳ ಮೊಸರೇ ಬೇಕು ಅಂದರು.

ಅದನ್ನ ನೋಡಿ ಬಳೆ ಮಾರೋನು ಒಂದು ತಗೊಂಡ. ಮೊಟ್ಟೆ ಮಾರೋನು ಒಂದು ತಗೊಂಡ. ಮಡಕೆ ಮಾರೋನೂ ತಗೊಂಡ. ಆಮೇಲೆ ಒಡೆಯೋ ಸಾಮಾನು ಏನೂ ಇಲ್ಲದ ಮೇಷ್ಟ್ರು ಸಹ ತಗೊಂಡರು. ಬಂಕಿನ ಮುಂದಿನ ಸಾಲು ಮೊಳದಷ್ಟಾಯಿತು.

ಧಣಿ ಹೊಟ್ಟೆಗೆ ಬೆಂಕಿ ಬಿತ್ತು. ಅರಮನೆಗೆ ಓಡಿದ. ರಾಜ ಕೆಟ್ಟವನಲ್ಲ, ಆದರೆ ಕೊನೆಗೆ ಯಾರು ಮಾತಾಡಿದರೋ ಅವರಿಗೆ ಹೂಂ ಅನ್ನೋನು.

"ಸ್ವಾಮಿ, ಸದ್ದಿಲ್ಲದೆ ಬರೋದು ಕಳ್ಳರ ಗಾಡಿ. ಸದ್ದು ಮಾಡದ ಗಾಡಿ ರಸ್ತೆಗಿಳೀಬಾರದು" ಅಂದ ಧಣಿ.

"ಹೂಂ" ಅಂದ ರಾಜ. ಡಂಗುರ ಸಾರಿದರು.

ದುಂಡಮ್ಮ ಕೇಳಿದಳು. "ಸದ್ದು ತಾನೇ? ಮಾಡ್ತೀನಿ" ಅಂತ ಎತ್ತಿನ ಕೊರಳ ಗಂಟೆ ತಂದು ಗಾಡಿಗೆ ಕಟ್ಟಿದಳು. ಗಂಟೆ ಸದ್ದಿಗೆ ಮೊಸರಿನೋಳು ಬಂದಳು ಅಂತ ಜನ ಪಾತ್ರೆ ಹಿಡಿದು ಬಾಗಿಲಿಗೇ ಬರೋಕೆ ಶುರುಮಾಡಿದರು. ವ್ಯಾಪಾರ ಇನ್ನೂ ಹೆಚ್ಚಿತು.

ಧಣಿ ಮತ್ತೆ ಓಡಿದ. "ಸ್ವಾಮಿ, ಬದುಕಿರೋ ಗಾಡಿ ಹೊಗೆ ಬಿಡುತ್ತೆ. ಹೊಗೆ ಬಿಡದ್ದು ದೆವ್ವದ ಗಾಡಿ."

"ಹೂಂ" ಅಂದ ರಾಜ. ಮತ್ತೆ ಡಂಗುರ.

"ಹೊಗೆ ತಾನೇ? ಬಿಡ್ತೀನಿ" ಅಂದಳು ದುಂಡಮ್ಮ. ಗಾಡಿ ಹಿಂದೆ ಒಂದು ಧೂಪದ ಪಾತ್ರೆ ಕಟ್ಟಿ, ಕೆಂಡದ ಮೇಲೆ ಸಾಂಬ್ರಾಣಿ ಹಾಕಿದಳು. ಅವಳು ಹೋದ ಬೀದಿಯೆಲ್ಲ ಘಮ ಘಮ. ಮುದುಕಿಯರು ಕೈ ಮುಗಿದರು. ಅವತ್ತು ಧಣಿ ಊಟ ಬಿಟ್ಟ.

ಮೂರನೇ ಸಲ ಧಣಿ ಓಡಲಿಲ್ಲ. ಯೋಚನೆ ಮಾಡಿಕೊಂಡು ನಿಧಾನವಾಗಿ ಹೋದ. "ಸ್ವಾಮಿ, ರಾಜ್ಯದಲ್ಲಿ ಗಾಡಿಗೆ ಕರೆಂಟು ಮಾರೋ ಹಕ್ಕು ನನಗೊಬ್ಬನಿಗೇ ಕೊಡಿ. ಬೇರೆಯೋರ ಹತ್ತಿರ ಕೊಂಡರೆ ಆ ಗಾಡಿ ಕುಲುಮೆಗೆ. ಮಾರಿದೋರು ಸೆರೆಮನೆಗೆ."

"ಹೂಂ" ಅಂದ ರಾಜ.

ಹಕ್ಕು ಸಿಕ್ಕಿದ ಮೇಲೆ ಧಣಿ ಕರೆಂಟು ಮಾರಿದನಾ? ಎಲ್ಲಿ ಬಂತು! ಅಷ್ಟರಲ್ಲಿ ದಾರಿಯುದ್ದಕ್ಕೂ ಎದ್ದಿದ್ದ ಚಾರ್ಜಿಂಗ್ ಅಂಗಡಿಗೆಲ್ಲ ಬೀಗ ಜಡಿದು ಮೀಸೆ ತಿರುವಿಕೊಂಡು ಕೂತ.

ದುಂಡಮ್ಮ ಲೆಕ್ಕ ಹಾಕಿದಳು. ಮನೆಯಲ್ಲಿ ತುಂಬಿಸಿಕೊಂಡ ಚಾರ್ಜು ಅರ್ಧ ದಾರಿಗೆ ಮುಗಿಯೋದು. ಮುಂದೆ ಘಾಟಿ ಬೇರೆ. ಗಾಡಿ ಮೂಲೆ ಸೇರಿದರೆ ಮತ್ತದೇ ಡುಗು ಡುಗು, ಮತ್ತದೇ ಒಡೆದ ಮೊಸರು. ಓಲೆ ಹೋಯ್ತು, ಗಾಡಿಯೂ ಹೋದರೆ ಬದುಕೋದು ಹೆಂಗೆ? ಬಳೆಯೋನು, ಮೊಟ್ಟೆಯೋನು, ಮಡಕೆಯೋನು ಬಂದು ಜಗಲಿ ಮೇಲೆ ತಲೆ ಮೇಲೆ ಕೈ ಹೊತ್ತು ಕೂತರು.

ಅಷ್ಟರಲ್ಲಿ ಪಕ್ಕದ ಮನೆ ಸೊಸೆ ಒಂದು ಬಟ್ಟಲು ಹಿಡಿದು ಬಂದಳು. "ದುಂಡಕ್ಕಾ, ಒಂಚೂರು ಹೆಪ್ಪು ಕೊಡೆ. ದೀಪ ಹಚ್ಚಿದ ಮೇಲೆ ಕೇಳಬಾರದಲ್ಲ, ಅದಕ್ಕೇ ಈಗಲೇ ಬಂದೆ."

ನಿಮಗೆ ಗೊತ್ತಲ್ಲ, ಹಾಲು ಹೆಪ್ಪಾಗೋಕೆ ಒಂದು ಚಮಚ ಮೊಸರು ಬೇಕು. ಅದನ್ನ ಯಾರೂ ಮಾರೋದಿಲ್ಲ, ಕೇಳಿದೋರಿಗೆ ಯಾರೂ ಇಲ್ಲ ಅನ್ನೋದಿಲ್ಲ. ದುಂಡಮ್ಮ ಹೆಪ್ಪು ಹಾಕಿಕೊಟ್ಟಳು. ಕೊಟ್ಟೋಳು ಬಟ್ಟಲನ್ನೇ ನೋಡ್ತಾ ನಿಂತಳು. ಆಮೇಲೆ ಜೋರಾಗಿ ನಕ್ಕುಬಿಟ್ಟಳು.

"ಏಳ್ರೋ ಮೇಲಕ್ಕೆ! ಆ ಧಣಿಗೆ ಹೆದರಿ ನಾನು ಗಾಡಿ ಮೂಲೆಗಿಡೋಳಲ್ಲ" ಅಂದಳು.

ಬೆಳಗ್ಗೆ ಮಡಕೆ ಕಟ್ಟಿಕೊಂಡು ಹೊರಟಳು. ಧಣಿ ಆಳುಗಳು ಹಿಂದೆ ಬಿದ್ದರು. ಅರ್ಧ ದಾರಿಗೆ ಒಬ್ಬ ನೇಕಾರಗಿತ್ತಿಯ ಮನೆ. ದುಂಡಮ್ಮ ಬಾಗಿಲಲ್ಲಿ ನಿಂತು ಕೂಗಿದಳು: "ಗಾಡಿಗೊಂಚೂರು ಹೆಪ್ಪು ಕೊಡ್ರವ್ವಾ!"

"ಅಯ್ಯೋ, ಧಣಿ ಆಳು ನೋಡಿದರೆ?"

"ಹೆಪ್ಪು ಕೊಡೋಕೆ ಧಣಿನ ಕೇಳಬೇಕಾ ಅಕ್ಕಾ?"

ಅದೂ ಸರೀನೇ ಅಂತ ನೇಕಾರಗಿತ್ತಿ ದೀಪದ ವೈರು ಎಳೆದು ಕೊಟ್ಟಳು.

ಘಾಟಿಯ ಬುಡದಲ್ಲಿ ಒಬ್ಬ ಕಮ್ಮಾರಗಿತ್ತಿಯ ಮನೆ. ಅಲ್ಲೂ ಹಂಗೇ ಕೇಳಿದಳು, ಅಲ್ಲೂ ಕೊಟ್ಟರು. ಧಣಿ ಆಳುಗಳು ನುಗ್ಗಿ, "ಎಷ್ಟು ದುಡ್ಡು ತಗೊಂಡೆ?" ಅಂದರು. ಕಮ್ಮಾರಗಿತ್ತಿ ಸೌದೆ ಎತ್ತಿಕೊಂಡಳು. "ಹೆಪ್ಪಿಗೆ ದುಡ್ಡು ತಗೊಂಡೋರು ನಿಮ್ಮ ವಂಶದಲ್ಲಿ ಇದಾರೇನ್ರೋ? ನಡೀರಿ ಆಚೆ!"

ಘಾಟಿ ಹತ್ತಿದ ಮೇಲೆ ಒಂದು ದೊಡ್ಡ ಮನೆ. ಗಾಡಿಯಲ್ಲಿ ಇನ್ನೂ ಚಾರ್ಜಿತ್ತು. ಸುಮ್ಮನೆ ದಾಟಿ ಅರಮನೆ ಸೇರಬಹುದಿತ್ತು. ದುಂಡಮ್ಮ ದಾಟಲಿಲ್ಲ. ಬೇಕು ಅಂತಲೇ ಆ ಬಾಗಿಲಲ್ಲಿ ನಿಲ್ಲಿಸಿದಳು. ಅದು ಜವರಪ್ಪ ಧಣಿಯ ಸ್ವಂತ ಮನೆ.

ಒಳಗಿಂದ ಧಣಿಯ ತಾಯಿ ನಿಂಗಮ್ಮಜ್ಜಿ ಬಂದಳು. "ಗಾಡಿಗೆ ಹೆಪ್ಪಾ? ನನ್ನ ಆಯಸ್ಸಿನಲ್ಲಿ ಇದೊಂದು ಕೇಳಿರಲಿಲ್ಲ ಕಣೆ!"

"ನಿಮ್ಮ ಮಗನ ಕಟ್ಟಳೆ ಗೊತ್ತಲ್ಲ ಅಜ್ಜಿ? ಗೊತ್ತಿದ್ದೇ ಕೊಡಿ. ಆಮೇಲೆ ನನ್ನ ಬೈಬೇಡಿ."

"ಗೊತ್ತು ಬಿಡು. ಅವನು ಬಂಕಿಗೆ ಧಣಿ. ಈ ಅಡುಗೆಮನೆಗೆ ನಾನೇ. ಹೆಪ್ಪು ಇಲ್ಲ ಅಂತ ಈ ಬಾಯಲ್ಲಿ ಬಂದಿಲ್ಲ, ಹಾಕ್ಕೋ ತಾಯಿ."

ಮಧ್ಯಾಹ್ನ ರಾಜ ಸಭೆಯೋರ ಜೊತೆ ಊಟಕ್ಕೆ ಕೂತಿದ್ದ, ದುಂಡಮ್ಮ ಮೊಸರಿನ ಮಡಕೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮೊಸರು ಬಡಿಸಿದ್ದೇ ತಡ, ಧಣಿ ಆಳುಗಳನ್ನ ಕಟ್ಟಿಕೊಂಡು ನುಗ್ಗಿದ. "ಸ್ವಾಮಿ, ಸಿಕ್ಕಿಬಿದ್ದಳು! ಮೂರು ಮನೇಲಿ ಕರೆಂಟು ಕೊಂಡಿದಾಳೆ. ಗಾಡಿ ಕುಲುಮೆಗೆ ಹಾಕ್ಸಿ! ಮಾರಿದೋರನ್ನ ಸೆರೆಗೆ ಹಾಕ್ಸಿ!"

"ಮಾರಿದೋರು ಯಾರ್ಯಾರು?" ಅಂದ ರಾಜ.

ಆಳು ಶುರುಮಾಡಿದ. "ಒಂದು ನೇಕಾರರ ಮನೆ ಸ್ವಾಮಿ. ಇನ್ನೊಂದು ಕಮ್ಮಾರರ ಮನೆ. ಮೂರನೇದು... ಮೂರನೇದು..." ಅಂತ ತಲೆ ಕೆರಕೊಂಡ.

"ನಾನೇ ಹೇಳ್ತೀನಿ ಬಿಡಪ್ಪ" ಅಂತ ದುಂಡಮ್ಮ ಸೆರಗು ಸಿಕ್ಕಿಸಿ ಮುಂದೆ ಬಂದಳು. "ಮೂರನೇದು ಧಣಿಗಳ ಮನೆ. ಕೊಟ್ಟೋರು ಅವರ ಹೆತ್ತ ತಾಯಿ. ಈಗ ಧಣಿಗಳೇ ಹೇಳಲಿ. ನಿಮ್ಮವ್ವ ಕರೆಂಟು ಮಾರಿದರಾ, ಹೆಪ್ಪು ಕೊಟ್ಟರಾ? ಮಾರಿದರು ಅನ್ನಿ, ಗಾಡಿನ ನಾನೇ ಕುಲುಮೆಗೆ ತಳ್ತೀನಿ. ನಿಮ್ಮವ್ವನ ಕೈ ಹಿಡಿದು ಸೆರೆಮನೆಗೆ ನೀವು ಕರ್ಕೊಂಡು ಹೋಗಿ."

ಧಣಿ ಆಳಿನ ಮುಖ ನೋಡಿದ, ರಾಜನ ಮುಖ ನೋಡಿದ, ನೆಲ ನೋಡಿದ.

"ಹೆಪ್ಪು" ಅಂದ.

"ಏನು? ಕೇಳಿಸಲಿಲ್ಲ" ಅಂದ ರಾಜ.

"ಹೆಪ್ಪು ಸ್ವಾಮಿ! ನಮ್ಮವ್ವ ಹೆಪ್ಪು ಕೊಟ್ಟಳು!"

ಇಡೀ ಸಭೆ ಗೊಳ್ಳಂತ ನಕ್ಕಿತು. ಆವತ್ತು ಕೊನೆಗೆ ಮಾತಾಡಿದೋಳು ದುಂಡಮ್ಮ. "ಹಂಗಾದ್ರೆ ಗಾಡಿಗೆ ಹೆಪ್ಪು ಕೊಡೋದು ತಪ್ಪಲ್ಲ ಅಂತ ಡಂಗುರ ಸಾರಿಸಿ ದೊರೆ. ಆ ಬೀಗಗಳನ್ನೂ ತೆಗೆಸಿ" ಅಂದಳು.

"ಹೂಂ" ಅಂದ ರಾಜ.

ಆಮೇಲೆ ಕೇಳ್ತೀರಾ? ಮನೆಮನೆಗೂ ಕರೆಂಟ್ ಬೈಕು ಬಂತು. ಅವನ್ನ ಆ ರಾಜ್ಯದಲ್ಲೇ ಮಾಡೋಕೆ ಶುರುಮಾಡಿದರು. ಜಗಲಿ ಜಗಲಿಯಲ್ಲೂ ಹಾದಿಹೋಕರಿಗೆ ಅಂತ ಒಂದು ವೈರು ಇಟ್ಟರು. ಬಂಕುಗಳ ನೆರಳಲ್ಲಿ ಜನ ಎಮ್ಮೆ ಕಟ್ಟಿದರು. ಕೊನೆಗೆ ಧಣಿಯೂ ಗುಟ್ಟಾಗಿ ಒಂದು ಕರೆಂಟ್ ಬೈಕು ತಗೊಂಡ. ಒಂದು ಸಾಯಂಕಾಲ ಅದು ಹೊಳೆಸಾಲಲ್ಲೇ ನಿಂತುಹೋಯ್ತು. ತಳ್ಳಿಕೊಂಡು ದುಂಡಮ್ಮನ ಬಾಗಿಲಿಗೆ ಬಂದ.

"ಗಾಡಿಗೊಂಚೂರು..." ಅಂದ. ಜಗಲಿಯ ವೈರಿನ ಕಡೆ ಬೆರಳು ತೋರಿಸಿದ.

"ದೀಪ ಹಚ್ಚಾಯ್ತಲ್ಲ ಧಣಿ, ಈಗ ಹೆಪ್ಪು ಕೊಡೋ ಹಂಗಿಲ್ಲ. ಜಗಲಿ ಮೇಲೆ ಮಲಗಿ, ಬೆಳಗ್ಗೆ ಹಾಕ್ಕೊಳ್ಳಿ. ಊಟಕ್ಕೆ ಗಟ್ಟಿ ಮೊಸರಿದೆ" ಅಂದಳು ದುಂಡಮ್ಮ.

ಧಣಿ ತಲೆ ತಗ್ಗಿಸಿಕೊಂಡು ಉಂಡ. ಎರಡು ಸಲ ಹಾಕಿಸಿಕೊಂಡ.

ನೀತಿ ಏನು ಅಂತೀರಾ? ತನ್ನ ಲಾಭಕ್ಕೆ ಹೊಸದನ್ನ ತಡೆಯೋಕೆ ಹೊರಟೋನು ಒಂದಿನ ತನ್ನ ಮನೆ ಬಾಗಿಲಲ್ಲೇ ಸೋಲ್ತಾನೆ. ಜನ ಒಬ್ಬರಿಗೊಬ್ಬರು ಕೊಟ್ಟುಕೊಂಡು ಇದ್ದರೆ ಯಾವ ಧಣಿಗೂ ಬಗ್ಗಬೇಕಾಗಿಲ್ಲ. ನೆನಪಿಟ್ಕೊಳ್ಳಿ. ಹೂಂ, ಏಳಿ ಈಗ, ಹಾಲಿಗೆ ಹೆಪ್ಪು ಹಾಕೋ ಹೊತ್ತಾಯ್ತು.