ಹಾಲಪ್ಪ ಬೈಕು ಬದಲಿಸಿದ್ದು

ವಯಸ್ಸಾಗುತ್ತಿದ್ದ ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಹರೆಯದಿಂದ ಕಠಿಣ ವ್ರತ ನಡೆಸಿಕೊಂಡು ಬಂದವನು ನಾನು. ಈಗ ಮೈ ಕೇಳುವುದಿಲ್ಲ. ಹಗುರವಾದದ್ದನ್ನು ಹಿಡಿ ಎಂದು ತಾವು ಹೇಳುತ್ತೀರಿ. ಹಾಗೆ ಮಾಡಿದರೆ ಸೋತಂತೆ ಅಲ್ಲವೇ?"

ಗುರುಗಳು ಈ ಕತೆ ಹೇಳಿದರು.

ಹಾಲಪ್ಪ ಎಂಬ ಒಬ್ಬ ಸವಾರನಿದ್ದ. ಆಳು ಕುಳ್ಳ. ಓಡಿಸುತ್ತಿದ್ದದ್ದು ಮಾತ್ರ ಊರಿಗೇ ದೊಡ್ಡ ಬೈಕು. ನಿಲ್ಲಿಸುವಾಗ ಸೀಟಿನಿಂದ ಒಂದು ಮಗ್ಗುಲಿಗೆ ಜಾರಿ, ತುದಿಗಾಲಲ್ಲಿ ನೆಲ ಮುಟ್ಟಿ, ತೊಡೆಯ ಬಲದಿಂದ ಅದನ್ನು ಹಿಡಿದುಬಿಡುತ್ತಿದ್ದ. ಹೆಂಡತಿ ಗೌರವ್ವನನ್ನು ಹಿಂದೆ ಕೂರಿಸಿಕೊಂಡು ಕಡಲ ದಂಡೆಯುದ್ದಕ್ಕೂ ತಿರುಗಿದ್ದ, ಮರಳುಗಾಡಿನವರೆಗೂ ಹೋಗಿ ಬಂದಿದ್ದ. ಉತ್ತರದ ಹಿಮದ ಬೆಟ್ಟವೊಂದು ಉಳಿದಿತ್ತು. ಅದನ್ನೂ ಹತ್ತಬೇಕೆಂಬುದು ಗಂಡಹೆಂಡಿರ ಆಸೆ.

ಹಾಲಪ್ಪನಿಗೆ ಅರವತ್ತು ದಾಟಿತು. ಮೊಣಕಾಲಿನ ಕಸುವು ಇಳಿಯಿತು. ಒಂದು ದಿನ ಇಳಿಜಾರಿನಲ್ಲಿ ನಿಲ್ಲಿಸಲು ಹೋದಾಗ ಚಾಚಿದ ಕಾಲಿಗೆ ನೆಲ ಸಿಗಲಿಲ್ಲ. ಬೈಕು ವಾಲಿ ಉರುಳಿತು. ಗೌರವ್ವನ ಕಾಲು ಅದರಡಿ ಸಿಕ್ಕಿಕೊಂಡಿತು. ಹಾಲಪ್ಪ ಎಷ್ಟು ಹೆಣಗಿದರೂ ಬೈಕು ಮೇಲೇಳಲಿಲ್ಲ. ದಾರಿಹೋಕರು ಬಂದು ಎತ್ತುವವರೆಗೆ ಅವನು ಹೆಂಡತಿಯ ನರಳಾಟ ಕೇಳುತ್ತ ಇರಬೇಕಾಯಿತು.

ಗೌರವ್ವನ ಕಾಲಿನ ಮುರಿದ ಮೂಳೆ ಕೂಡಿತು, ಅವಳು ಮೊದಲಿನಂತೆ ಓಡಾಡಿದಳು. ಹಾಲಪ್ಪ ಮಾತ್ರ ಮತ್ತೆ ಬೈಕು ಹತ್ತಲಿಲ್ಲ. ಮಾರಲೂ ಇಲ್ಲ. ದಿನಾ ಬೆಳಗ್ಗೆ ಒರೆಸಿ, ಮುಸುಕು ಹಾಕಿ ಒಳಗೆ ಬರುತ್ತಿದ್ದ. ಚಿಕ್ಕ ಬೈಕು ಹತ್ತಿ ಗೆಳೆಯರೆದುರು ನಗೆಪಾಟಲಾಗುವುದಕ್ಕಿಂತ ಮನೆಯಲ್ಲಿ ಕೂರುವುದೇ ಮೇಲು ಅನ್ನಿಸಿತ್ತು.

ಒಂದು ಬೆಳಗ್ಗೆ ಗೌರವ್ವ ಬಾಗಿಲಲ್ಲಿ ನಿಂತು ಕೇಳಿದಳು: "ಇದನ್ನು ಒರೆಸುತ್ತಲೇ ಇರುತ್ತೀರೋ, ನನ್ನನ್ನು ಬೆಟ್ಟಕ್ಕೆ ಕರೆದೊಯ್ಯುತ್ತೀರೋ?"

"ಮತ್ತೆ ನನ್ನ ಹಿಂದೆ ಕೂರುತ್ತೀಯಾ? ಹೆದರಿಕೆಯಿಲ್ಲವೇ?"

"ನಿಮ್ಮ ಎರಡೂ ಕಾಲು ನೆಲಕ್ಕೆ ಊರುವಂಥ ಬೈಕು ತನ್ನಿ. ಅವತ್ತೇ ಕೂರುತ್ತೇನೆ."

ಹಾಲಪ್ಪ ಮರುದಿನ ಹೋಗಿ ದೊಡ್ಡ ಬೈಕನ್ನು ಕೊಟ್ಟು ಹಗುರವಾದದ್ದನ್ನು ತಂದ. ಅದೂ ದೂರದ ಪ್ರಯಾಣಕ್ಕೆಂದೇ ಮಾಡಿದ್ದು, ಆದರೆ ಸೀಟು ತಗ್ಗು. ಹತ್ತಿ ಕೂತ. ಎರಡೂ ಅಂಗಾಲು ಪೂರ್ತಿ ನೆಲಕ್ಕೆ ಊರಿದವು. ಹರೆಯದಲ್ಲೂ ಅವನಿಗೆ ಆ ನೆಮ್ಮದಿ ಸಿಕ್ಕಿರಲಿಲ್ಲ.

"ಏನು ಹಾಲಪ್ಪ, ಸಂತೆಗೆ ಹೊರಟೆಯಾ?" ಎಂದು ಗೆಳೆಯ ಈರಣ್ಣ ನಕ್ಕ. ಹಾಲಪ್ಪನಿಗೆ ಚುರುಕ್ಕೆಂದಿತು. ಆದರೂ ಬೇಸಿಗೆ ಬಂದಾಗ ಗೌರವ್ವನನ್ನು ಕೂರಿಸಿಕೊಂಡು ಗೆಳೆಯರ ಜೊತೆಯೇ ಬೆಟ್ಟಕ್ಕೆ ಹೊರಟ.

ಮೇಲೆ ಒಂದು ಕಡೆ ಹಿಮ ಕರಗಿದ ನೀರು ರಸ್ತೆಗೆ ಅಡ್ಡ ಹರಿಯುತ್ತಿತ್ತು. ಮುಂದೆ ಹೋದ ಈರಣ್ಣ ತನ್ನ ಭಾರದ ಬೈಕಿನೊಂದಿಗೆ ನೀರಿನಲ್ಲಿ ಬಿದ್ದ. ಹಿಂದೆಯೇ ನೀರಿಗಿಳಿದ ಹಾಲಪ್ಪನ ಚಕ್ರವೂ ಕಲ್ಲಿನ ಮೇಲೆ ಜಾರಿತು. ಬೈಕು ವಾಲಿತು. ಅವನು ಕಾಲು ಚಾಚಿದ. ಈ ಸಲ ನೆಲ ಸಿಕ್ಕಿತು. ಹರಿಯುವ ನೀರಿನ ನಡುವೆ ಎರಡೂ ಕಾಲು ಊರಿ ಗಟ್ಟಿಯಾಗಿ ನಿಂತ. ಗೌರವ್ವ ಅವನ ಭುಜ ಒತ್ತಿ "ನಿಧಾನ" ಎಂದಳು. ಕಾಲಿನಿಂದ ತಳ್ಳುತ್ತ ತಳ್ಳುತ್ತ ದಡ ಹತ್ತಿದ. ಹೆಂಡತಿಯನ್ನು ಇಳಿಸಿ ನೀರಿಗೆ ವಾಪಸು ಬಂದು ಉಳಿದವರೊಂದಿಗೆ ಈರಣ್ಣನ ಬೈಕನ್ನು ಎತ್ತಲು ಕೈ ಜೋಡಿಸಿದ.

ಮಧ್ಯಾಹ್ನಕ್ಕೆ ಎಲ್ಲರೂ ಬೆಟ್ಟದ ನೆತ್ತಿ ತಲುಪಿದರು. ಸುತ್ತ ಕಣ್ಣು ಹರಿಯುವಷ್ಟು ದೂರವೂ ಹಿಮ. ಗೌರವ್ವ ಎರಡೂ ಕೈ ಮೇಲೆತ್ತಿ ಹೋ ಎಂದು ಕೂಗಿದಳು. ಹಾಲಪ್ಪ ಅವಳಿಗಿಂತ ಜೋರಾಗಿ ಕೂಗಿದ. ಅಷ್ಟರಲ್ಲಿ ಒದ್ದೆ ಬಟ್ಟೆಯ ಈರಣ್ಣ ಹತ್ತಿರ ಬಂದು "ನಿನ್ನ ಬೈಕಿನ ಮೇಲೆ ಒಂದು ಸಲ ಕೂತು ನೋಡಲೇನೋ?" ಎಂದ. ಕೂತವನು ಬೇಗ ಇಳಿಯಲಿಲ್ಲ.

ಕತೆ ಮುಗಿಯಿತು. ಶಿಷ್ಯ ಕೇಳಿದ: "ಏನೇ ಆದರೂ ಅವನು ದೊಡ್ಡ ಬೈಕನ್ನು ಬಿಟ್ಟುಕೊಟ್ಟನಲ್ಲ, ಗುರುಗಳೇ?"

ಗುರುಗಳೆಂದರು: "ಅದಿರಲಿ, ನೀನು ಹೊರಟಿರುವುದು ಎಲ್ಲಿಗೆ?"