ಸಂಜೆ ಹಾಲಿನ ಹೊತ್ತು

ಡೇರಿಯಲ್ಲಿ ಹಾಲು ತಂಪು ಮಾಡುವ ಟ್ಯಾಂಕಿಗೆ ಹಿತ್ತಲಿನ ಮುದಿ ಜನರೇಟರ್ ಮೇಲೆ ಕೆಂಡದಂಥ ಕೋಪ. ನಿನ್ನೆ ಸಂಜೆ ಹೊಟ್ಟೆ ತುಂಬ ಹಾಲಿರುವಾಗಲೇ ಟ್ಯಾಂಕಿನ ಉಸಿರು ನಿಂತುಹೋಗಿತ್ತು; ಜನರೇಟರ್ ಕೈಕೊಟ್ಟದ್ದೇ ಕಾರಣ ಎಂದು ಅದರ ಎಣಿಕೆ. ಡೇರಿಯ ಆಗುಹೋಗುಗಳನ್ನೆಲ್ಲ ಬರೆದಿಡುವ ಕಂಪ್ಯೂಟರಿಗೆ ಅದು ಹೇಳಿತು: “ಆ ಮುದುಕ ನಿಂತದ್ದನ್ನೆಲ್ಲ ಹುಡುಕಿ ತೆಗೆಯಯ್ಯಾ. ಗುಜರಿಗೆ ಕಳಿಸಿಬಿಡೋಣ.”

ಕಂಪ್ಯೂಟರಿನ ಪರದೆಯ ಮೇಲೆ ಸಾಲು ಸಾಲಾಗಿ ಬಂತು: ಜನರೇಟರ್ ನಿಂತಿತು, ಜನರೇಟರ್ ನಿಂತಿತು.

“ನೋಡಿದೆಯಾ!” ಎಂದಿತು ಟ್ಯಾಂಕ್.

“ನೀನು ನಿಂತದ್ದನ್ನು ಕೇಳಿದೆ, ನಿಂತದ್ದೇ ಸಿಕ್ಕಿತು. ಈಗ ಹೊತ್ತು ಹೇಳು,” ಎಂದಿತು ಕಂಪ್ಯೂಟರ್.

“ನಿನ್ನೆ ಸಂಜೆ, ಹಾಲು ಬಂದ ಹೊತ್ತು.”

ಕಂಪ್ಯೂಟರ್ ಆ ಹೊತ್ತಿನದನ್ನಷ್ಟೇ ತೆರೆದು ಓದಿತು: “ಕರೆಂಟ್ ಹೋಯಿತು. ಟ್ಯಾಂಕ್ ನಿಂತಿತು. ಜನರೇಟರ್ ಎದ್ದಿತು. ಟ್ಯಾಂಕ್ ಮತ್ತೆ ನಡೆಯಿತು. ಕರೆಂಟ್ ಬಂತು. ಜನರೇಟರ್ ನಿಂತಿತು.”

ಟ್ಯಾಂಕ್ ಹಿಂದಿನ ಸಂಜೆಗಳನ್ನೂ ಓದಿಸಿತು. ಪ್ರತಿ ಸಲವೂ ಕರೆಂಟ್ ಬಂದ ಮೇಲೆಯೇ ಮುದುಕ ನಿಂತಿದ್ದ.

ಟ್ಯಾಂಕ್ ಹಿತ್ತಲ ಕಡೆಗೆ ಕೂಗಿ, “ಅಣ್ಣಾ, ನಿನ್ನ ಉಪಕಾರ ಹೇಗೆ ತೀರಿಸಲಿ!” ಎಂದಿತು.

ಏನೊಂದೂ ತಿಳಿಯದ ಜನರೇಟರ್ ಗಾಬರಿಯಾಗಿ ಕೇಳಿತು: “ಅದಿರಲಿ ತಮ್ಮಾ, ನಿನ್ನೆ ಹಾಲು ಒಡೆಯಲಿಲ್ಲ ತಾನೇ?”